ನಡಾವಳಿ

ವಿನ್ನಿಪೆಗ್, ಜನವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗೆ.
ಚರ್ಚಿನ ನೆಲಮಾಳಿಗೆಯಲ್ಲಿ ಮಡಚುವ ಕುರ್ಚಿ ನಲವತ್ತು,
ಬಂದವರು ಅದಕ್ಕಿಂತ ಹೆಚ್ಚು.
ಬರೆದುಕೊಳ್ಳುವ ಕೆಲಸ ನನ್ನದು,
ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ.

ವಿಷಯ ಒಂದು: ಅಸಿನಿಬೋಯಿನ್ ಹೊಳೆದಂಡೆಯ ಡೇರೆಗಳು.

ಓರೆಸ್ಟ್ ಹ್ನಾತ್ಯುಕ್ ಎದ್ದು ನಿಂತ.
ಸುಟ್ಟುಹೋದ ಶೆಡ್ಡು, ಅದರೊಳಗೆ ಅಪ್ಪನ ಕಾಲದ ದೋಣಿ,
ಹುಟ್ಟಿಗೆ ವಾರ್ನಿಷ್ ಬಳಿದು ವಾರವೂ ಆಗಿರಲಿಲ್ಲವಂತೆ.
ಅವರೇ ಹಚ್ಚಿದ್ದೆನ್ನಲು ಸಾಕ್ಷಿ ಉಂಟೇ, ಕೇಳಿದರು ಯಾರೋ.
"ಚಳಿ ಕಾಯಿಸಲು ಹಚ್ಚಿದರೂ ಬೆಂಕಿ ಬೆಂಕಿಯೇ."
ದನಿ ನಡುಗಿತು. ಅದನ್ನು ನಾನು ಬರೆಯಲಿಲ್ಲ.

ಮರಳುಗುಂಡಿಯಲ್ಲಿ ಮಗಳ ಕೈಗೆ ಸಿಕ್ಕ ಸೂಜಿಯನ್ನು
ಉಪ್ಪಿನಕಾಯಿ ಬಾಟಲಿಗೆ ಹಾಕಿ ತಂದಿದ್ದಳು ರೊಸಾಲಿನ್.
ಬಾಟಲಿ ಕೈಯಿಂದ ಕೈಗೆ ಹೋಯಿತು
ಭಾನುವಾರದ ಕಾಣಿಕೆ ತಟ್ಟೆಯ ಹಾಗೆ.
"ಅವರೂ ಮನುಷ್ಯರೇ" ಅಂದ ಹುಡುಗನೊಬ್ಬ.
ಎಲ್ಲರೂ ತಲೆಯಾಡಿಸಿದರು.
ಅಲ್ಲ ಎಂದು ಯಾರೂ ಹೇಳಿರಲಿಲ್ಲ.

ಕಾಫಿ ಹಂಡೆಯ ಪಕ್ಕ ಒಬ್ಬಾಕೆ
ಲೋಟದ ಸುತ್ತ ಎರಡೂ ಕೈ ಬಳಸಿ ಕೂತಿದ್ದಳು.
ಬಿಸ್ಕತ್ತು ಹಂಚಲು ಬಂದವಳಿರಬೇಕು ಅಂದುಕೊಂಡಿದ್ದೆ.
ಮತಕ್ಕೆ ಹಾಕಿದಾಗ ಅವಳೂ ಕೈ ಎತ್ತಿದಳು,
ಡೇರೆ ಇರಲಿ ಅನ್ನುವವರ ಸರದಿಯಲ್ಲಿ.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡರು:
"ಕ್ಷಮಿಸಿ, ಮತ ಈ ಬಡಾವಣೆಯ ನಿವಾಸಿಗಳಿಗೆ ಮಾತ್ರ."
"ನಾಲ್ಕು ಚಳಿಗಾಲ ಆಯ್ತು."
"ವಿಳಾಸ?"
"ಕಾಲುಸೇತುವೆ ಇಳಿದು ಎಡಕ್ಕೆ, ಮೂರನೇ ಎಲ್ಮ್ ಮರ.
ಕಿತ್ತಳೆ ಬಣ್ಣದ ಬೊಟ್ಟು ಇಟ್ಟಿದ್ದಾರಲ್ಲ, ಅದು."

ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು ಆ ಬೊಟ್ಟಿನ ಅರ್ಥ:
ಮರಕ್ಕೆ ರೋಗ. ಕಡಿಯುವವರು ಬರುತ್ತಾರೆ.
ಯಾರೋ ನಕ್ಕರು, ಅರ್ಧಕ್ಕೇ ನುಂಗಿಕೊಂಡರು.
ಓರೆಸ್ಟ್ ನಗಲಿಲ್ಲ.
"ನಮ್ಮಪ್ಪ ದೋಣಿ ಕಟ್ಟುತ್ತಿದ್ದದ್ದು ಆ ಮರಕ್ಕೇ"
ಅಂದ, ಯಾರಿಗೆಂದಿಲ್ಲದೆ. ಕೂತ.
ತೆರವಿಗೆ ಹಾಕಿದ್ದ ಮತ ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ತೆರವಿಗೆ ಮೂವತ್ತೊಂದು. ಬೇಡವೆಂದು ಹನ್ನೆರಡು.
ನಾನು ಕಂಡದ್ದು ಹದಿಮೂರು ಕೈ.
ಪೆನ್ನು ಊರಿದ ಜಾಗದಲ್ಲೇ ಇಂಕು ಅಗಲವಾಯಿತು.
ಹನ್ನೆರಡು ಎಂದೇ ಬರೆದೆ.

ಆಮೇಲೆ ಕುರ್ಚಿ ಮಡಚಿದವಳು ಅವಳೇ,
ನಾಲ್ಕು ನಾಲ್ಕಾಗಿ ಎತ್ತಿ ಗೋಡೆಗೆ ಒರಗಿಸುತ್ತ,
ಹೀಟರಿನ ಮುಂದೆ ಹಾಯುವಾಗಲೆಲ್ಲ
ನಡೆ ಸ್ವಲ್ಪ ನಿಧಾನ ಮಾಡುತ್ತ.
ಹೆಸರು ಕೇಳಿದೆ. ವರ್ನಾ, ಅಂದಳು. ಮನೆತನದ ಹೆಸರನ್ನೂ ಹೇಳಿದಳು.
ಪುಸ್ತಕ ಆಗಲೇ ಚೀಲದೊಳಗಿತ್ತು.

ಮುಂದಿನ ತಿಂಗಳು ನಡಾವಳಿಯನ್ನು ಓದಿ ಅಂಗೀಕರಿಸಲಾಯಿತು
ಒಂದೇ ಒಂದು ತಿದ್ದುಪಡಿಯೊಂದಿಗೆ:
ಹ್ನಾತ್ಯುಕ್ ಎಂಬಲ್ಲಿ
ನಾನೊಂದು ಅಕ್ಷರ ಬಿಟ್ಟಿದ್ದೆ.