ವಾಟೆ

ನಾಲ್ಕನೆಯ ದಿನ.
ತಟ್ಟೆಯಲ್ಲಿ ಎಸಳು ಎಸಳಾಗಿ ಬಿಡಿಸಿಟ್ಟ ಕೋಳಿ ಒಣಗಿ ನೂಲಾಗಿದೆ.
ಮೆಣಸಪ್ಪ ಮೂಸುವುದೂ ಇಲ್ಲ.

ತಂದ ದಿನ ಅವನ ಹೆಸರು ಪೆಪ್ಪರ್.
ಬೂದು ಮೈಮೇಲೆ ಯಾರೋ ಕುಟ್ಟಿ ಚೆಲ್ಲಿದ ಹಾಗೆ ಕರಿಚುಕ್ಕೆ.
ಕಾರಿನಿಂದ ಇಳಿಯುವ ಮೊದಲೇ ನಾಗಭೂಷಣ
ಹೆಸರನ್ನು ಮೆಣಸು ಮಾಡಿ, ಹಿಂದೊಂದು ಅಪ್ಪ ಹಚ್ಚಿದ.

ಈಗ ಕೊರಳಿಗೆ ಪ್ಲಾಸ್ಟಿಕ್ಕಿನ ಲಾಳಿಕೆ,
ಬೋಳಿಸಿದ ಹೊಟ್ಟೆ, ಹೊಟ್ಟೆಗುಂಟ ಹದಿನಾರು ಹೊಲಿಗೆ:
ಅಕ್ಕಿಮೂಟೆಯ ಬಾಯಿ ಹೊಲಿದಂತೆ,
ಕೆಲಸ ಬಲ್ಲವರ ಕೈ.

ತಪ್ಪು ನನ್ನದು.
ಡಿಸೆಂಬರಿನ ಟೌನ್ಸ್‌ವಿಲ್, ನೆರಳೂ ಬೆವರುವ ಮಧ್ಯಾಹ್ನ,
ಸಿಂಕಿಗೆ ಬಗ್ಗಿ ನಿಂತು ಬೋವೆನ್ ಮಾವು ತಿಂದೆ.
ಮೊಳಕೈಗೆ ಇಳಿದ ರಸ ನೆಕ್ಕಿದೆ,
ವಾಟೆಯನ್ನು ಬಿಳಿಚುವ ತನಕ ಚೀಪಿ
ಮುಚ್ಚಳ ಸರಿ ಕೂರದ ಕಸದ ಡಬ್ಬಿಗೆ ಎಸೆದೆ.
ಮೂರು ದಿನದ ಮೇಲೆ ಡಾಕ್ಟರ್ ಕರ್ಸ್ಟನ್
ಅದನ್ನೇ ತೊಳೆದು, ಸಣ್ಣ ಚೀಲದಲ್ಲಿ ಹಾಕಿ,
ನನ್ನ ಕೈಗೇ ಕೊಟ್ಟರು,
ಊರಿಗೆ ಹೊರಟವರಿಗೆ ಬುತ್ತಿ ಕೊಟ್ಟಂತೆ.

ಸತುವಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು
ಬೂಟು ಬಿಚ್ಚದೆ ಬಿಲ್ಲು ಓದಿದ.
“ನಾಲ್ಕು ಸಾವಿರದ ಇನ್ನೂರು ಡಾಲರ್.
ಹಿತ್ತಿಲಲ್ಲಿ ಹೂತಿದ್ದರೆ ಇಷ್ಟು ಹೊತ್ತಿಗೆ
ಚಿಗುರಾದರೂ ಒಡೀತಿತ್ತು.”
ಆಮೇಲೆ ನಾಯಿಯ ಪಕ್ಕ ಬರಿನೆಲಕ್ಕೆ ಒರಗಿ
ಬೂಟಿನಲ್ಲೇ ನಿದ್ದೆ ಹೋದ.

ಆಸ್ಪತ್ರೆಯ ಹಾಳೆಯಲ್ಲಿ ಇದ್ದದ್ದನ್ನೆಲ್ಲ ಮಾಡಿದೆ.
ಬೆಚ್ಚಗೆ ಮಾಡಿ ಕೊಡಿ. ಬೆರಳಿಗೆ ಹಚ್ಚಿ ನೆಕ್ಕಿಸಿ.
ತಿನ್ನಿಸುವಾಗ ಲಾಳಿಕೆ ತೆಗೆಯಿರಿ. ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ.
ಉಪ್ಪಿಲ್ಲದ ಗಂಜಿ, ಉಪ್ಪಿಲ್ಲದ ಕೋಳಿ.
ಹುಟ್ಟಿದಾಗಿನಿಂದ ಮೊಟ್ಟೆ ಒಡೆಯದ ಈ ಕೈ
ಮೂಳೆಯಿಂದ ಮಾಂಸ ಬಿಡಿಸಲು ಕಲಿತದ್ದು
ಮೊನ್ನೆ ಸೋಮವಾರ.
ಫೋನಿನಲ್ಲಿ ಅತ್ತೆ “ಏನು ಅಡುಗೆ” ಎಂದರೆ
“ಅನ್ನ” ಎಂದೆ. ಸುಳ್ಳೇನಲ್ಲ.
ಬೇಲಿಯಾಚೆಯ ಮೊರೀನ್ ಸಾರ್ಡೀನಿನ ಡಬ್ಬಿ ನೀಡಿ
“ಇದಕ್ಕೆ ಸೋಲದ ನಾಯಿಯನ್ನು ನಾನು ಕಂಡಿಲ್ಲ” ಎಂದಳು.
ಕಂಡಳು.

ಕೂಸಿಗೆ ಹೇಳುವುದನ್ನೂ ಹೇಳಿದೆ.
ಕಾಗೆಗೊಂದು ತುತ್ತು, ಗುಬ್ಬಿಗೊಂದು ತುತ್ತು.
ಅವನ ಹಗೆಗಳೇ ಬೇರೆ ಎಂದು ನೆನಪಾಗಿ ತಿದ್ದಿದೆ:
ಕಸ ಕೆದರುವ ಐಬಿಸ್ಸಿಗೊಂದು,
ಟ್ಯೂಬ್‌ಲೈಟಿನ ಹಿಂದಿನ ಹಲ್ಲಿಗೊಂದು,
ರಾತ್ರಿಯಿಡೀ ಯಾರನ್ನೋ ಕಳಕೊಂಡವರಂತೆ ಚೀರುವ
ಕರ್ಲ್ಯೂ ಹಕ್ಕಿಗೊಂದು.
ಅದಕ್ಕೆ ಒಂದು ಕಿವಿ ಎದ್ದಿತು.
ಬಾಯಿ ಏಳಲಿಲ್ಲ.

ಇಷ್ಟು ಜನ ಕಣ್ಣಿಟ್ಟು ಕೂತರೆ
ಯಾರ ಗಂಟಲಲ್ಲಿ ಇಳಿದೀತು?

ಸಂಜೆ ಆರಕ್ಕೆ ಸಾಕಾಗಿ, ಆಗಷ್ಟೇ ಬೇಯಿಸಿದ್ದನ್ನೂ
ಅದೇ ಡಬ್ಬಿಗೆ, ತೊಳೆದು ಹೊಸ ಚೀಲ ತೊಡಿಸಿದ್ದ ಡಬ್ಬಿಗೆ, ಸುರಿದೆ.
ಲಾಳಿಕೆ ಮತ್ತೆ ಹಾಕುವುದ ಮರೆತು
ಬಟ್ಟೆ ತೆಗೆಯಲು ಹೊರಗೆ ಹೋದೆ.
ಕಾಸಲ್ ಹಿಲ್ಲಿನ ಕೆಂಪು ಬಂಡೆ
ಹಗಲಿನ ಕಾವನ್ನು ಇನ್ನೂ ಉಗುಳುತ್ತಿತ್ತು.
ಎರಡನೆಯ ಟವಲು ಮಡಚುತ್ತಿದ್ದೆ,
ಒಳಗೆ ಮುಚ್ಚಳ ಬಿದ್ದ ಸದ್ದು.

ಓಡಬೇಕಿತ್ತು. ಗದರಬೇಕಿತ್ತು.
ತಿರುಗಲಿಲ್ಲ.
ಕ್ಲಿಪ್ಪುಗಳನ್ನು ಒಂದೊಂದೇ ಕೀಳುತ್ತ,
ಕಿತ್ತದ್ದನ್ನು ಬರಿ ತಂತಿಗೆ ಮತ್ತೆ ಸಿಕ್ಕಿಸುತ್ತ,
ಬೆನ್ನನ್ನೇ ಕಿವಿ ಮಾಡಿಕೊಂಡು ನಿಂತೆ.
ಚಪ್. ಚಪ್. ನಡುವೆ ನಿಂತಿತು.
ಮತ್ತೆ ಚಪ್.
ಕದಿ, ಮೆಣಸಪ್ಪ, ಕದಿ ನನ್ನಪ್ಪ.
ಕೊಟ್ಟರೆ ಔಷಧ, ಕದ್ದರೆ ಊಟ,
ನನಗೂ ಗೊತ್ತು, ಮರೆತಿದ್ದೆ.

ಡಾಕ್ಟರಿಗೆ ಏನು ಹೇಳುವುದೋ ನೋಡೋಣ.
ನಾಳೆಯಿಂದ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ,
ಬೇಯಿಸಿ, ಬಿಡಿಸಿ, ಬೆಚ್ಚಗಿರುವಾಗಲೇ
ಎಸೆಯುತ್ತೇನೆ.