ಮೇಜು ನಲವತ್ತೇಳು

ಶನಿವಾರ ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ.
ಒಂಬತ್ತೂಮುಕ್ಕಾಲಕ್ಕೇ ನಾನು ಹೊರಗೆ ನಿಂತಿರುತ್ತೇನೆ,
ಬೂಟಿನ ಹಿಮ ಕೊಡವುತ್ತ,
ಬೇರೆಯವರು ಎಸೆಯಲಾರದೆ ಮಾರಲಿಟ್ಟದ್ದನ್ನು
ಮುಟ್ಟಿ ಮೂಸಿ ನೋಡುವ ಆಸೆಗೆ.

ಕುವೋಪಿಯೊದ ಈ ಹಳೇ ಬೆಣ್ಣೆ ಕಾರ್ಖಾನೆಯಲ್ಲಿ
ನೂರ ಹನ್ನೆರಡು ಮೇಜು, ವಾರದ ಬಾಡಿಗೆಗೆ.
ಮಾರುವವರು ಯಾರೂ ಎದುರಿಗಿಲ್ಲ.
ಇರುವುದು ಚೀಟಿ: ಮೇಜಿನ ನಂಬರು, ಬೆಲೆ,
ಒಮ್ಮೊಮ್ಮೆ ಒಂದು ಸಣ್ಣ ಸಮಜಾಯಿಷಿ.
'ಒಂದೇ ಸಲ ಹಾಕಿದ್ದು.' 'ಗುಂಡಿ ಒಂದಿಲ್ಲ.'
'ಮದುವೆಯದು. ಚೌಕಾಸಿ ಬೇಡ.'

ನನಗೆ ಬೇಕಾದದ್ದು ಹರಿಯುವಂಥದ್ದು.
ಹತ್ತಿಯ ಮೇಲುಹಾಸು, ಗಂಡಸರ ಅಂಗಿ,
ನೂರು ಸಲ ನೀರು ಕಂಡು ಸೊಕ್ಕಡಗಿದ ಬಟ್ಟೆ.
ಹೊಸದು ಮಗ್ಗಕ್ಕೆ ಒಗ್ಗುವುದಿಲ್ಲ, ಸೆಟೆಯುತ್ತದೆ.
ಎರಡು ಬೆರಳ ನಡುವೆ ಉಜ್ಜಿದರೆ ಸಾಕು,
ಪಾಲಿಯೆಸ್ಟರ್ ಕಿಸಕ್ಕನೆ ನಕ್ಕು ಸಿಕ್ಕಿಬೀಳುತ್ತದೆ.

ಮನೆಗೆ ಬಂದು ಅಡುಗೆಮನೆಯ ಸ್ಟೂಲಿನಲ್ಲಿ ಕೂತು
ಅಂಚಿಗೊಂದು ಕತ್ತರಿಯ ಕಚ್ಚು ಕೊಟ್ಟು
ಎರಡೂ ಕೈಯಲ್ಲಿ ಎಳೆದರೆ
ಪರ್‍ರ್ ಎಂದು ಉದ್ದಕ್ಕೆ, ನೂಲು ಬಿಟ್ಟ ದಾರಿಯಲ್ಲೇ!
ಈ ಸದ್ದಿಗೇ ಕಣೋ ನಾನು ಬದುಕಿರೋದು ಎಂದರೆ
ಇಲ್ಪೊ ಪತ್ರಿಕೆಯಿಂದ ತಲೆಯೆತ್ತದೆ ಅನ್ನುತ್ತಿದ್ದ:
'ನನ್ನ ಅಂಗಿಗಳಿಗೆ ಕೇಳಿಸಬೇಡ ಮಾರಾಯ್ತಿ.'

ಕೇಳಿಸಿದೆ. ಅವನು ಹೋದ ಮೇಲೆ, ಒಂದೊಂದಾಗಿ.
ನೀಲಿ ಗೀಟಿನ ಪೈಜಾಮ ಎಲ್ಲಕ್ಕಿಂತ ಕೊನೆಗೆ.
ಸೇರಿಸಿ ನೆಯ್ದ ಚಿಂದಿ ಜಮಖಾನೆಯನ್ನು
ಅವನ ತಂಗಿ ಮಾರ್ಕೆತ್ತಾಳ ಅರವತ್ತಕ್ಕೆ ಕೊಟ್ಟೆ.
ಅತ್ತಳು ಕೂಡ, ಆವತ್ತು.

ಈ ಶನಿವಾರ, ನಲವತ್ತೇಳನೇ ಮೇಜಿನಡಿ,
ಹತ್ತು ಯೂರೋದ ವಾಫಲ್ ಕಾವಲಿಯ ಪಕ್ಕ
ಸುರುಳಿ ಸುತ್ತಿ ನಿಲ್ಲಿಸಿತ್ತು.
ಬಿಚ್ಚಿ ನೋಡಬೇಕಾಗಿರಲಿಲ್ಲ.
ಹಣಿಗೆ ಎಲ್ಲಿ ಬಿಗಿ ಬಿದ್ದಿದೆ, ಎಲ್ಲಿ ಸಡಿಲ,
ನನ್ನ ಬೆನ್ನಿಗೆ ಗೊತ್ತಿಲ್ಲವೇ?

ನಾಲ್ಕು ಯೂರೋ.

ಆರು ವಾರ. ಹದಿನೇಳು ಅಂಗಿ. ಒಬ್ಬ ಗಂಡ.

ಮಾರ್ಕೆತ್ತಾಗೆ ಆಗಲೇ ಫೋನು ಹಚ್ಚುವವಳು,
ಏನೇನು ಅನ್ನಬೇಕೆಂದು ಜೋಡಿಸಿಕೊಳ್ಳುವಷ್ಟರಲ್ಲಿ
ಉದ್ದ ಕೈಯೊಂದು ಬಂದು ಸುರುಳಿ ಎತ್ತಿತು.

ಹುಡುಗ. ಇಪ್ಪತ್ತೆರಡಿರಬಹುದು. ಕಿವಿಗೆ ಸೇಫ್ಟಿ ಪಿನ್ನು.
ನೆಲಕ್ಕೆ ಹಾಸಿ, ಮಂಡಿಯೂರಿ, ಮಗುಚಿ
ಹಿಂಬದಿಯ ಗಂಟು ನೋಡಿದ.
(ಹಿಂಬದಿ ನೋಡುವವರು ಈಗ ಕಮ್ಮಿ.)
'ಏನು ಮಾಡ್ತೀಯ ಇದನ್ನ?'
'ಕತ್ತರಿಸ್ತೀನಿ. ಸೈಕಲ್ಲಿಗೆ ಚೀಲ,
ಎರಡೂ ಕಡೆ ಇಳಿಬಿಡೋ ಥರ.'

ಅದು ನನ್ನದು, ಇಡು ಕೆಳಗೆ, ಅನ್ನಬೇಕಿತ್ತು.
ಬಾಯಿಗೆ ಬಂದದ್ದು ಬೇರೆ:
'ಕತ್ತರಿ ಇಡೋ ಮುಂಚೆ ಎರಡು ಸಾಲು ಹೊಲಿಗೆ ಹಾಕು,
ದಪ್ಪ ಸೂಜಿಯಲ್ಲಿ. ಇಲ್ಲದಿದ್ರೆ ಹಾಸೂ ಹೊಕ್ಕೂ
ಎಲ್ಲ ನಿನ್ನ ಮಡಿಲಿಗೆ ಸುರಿಯುತ್ತೆ.'
'ನನ್ನ ಹತ್ರ ಹೊಲಿಗೆ ಮಿಷನ್ ಇಲ್ವಲ್ಲ,' ಅಂದ ಯಲ್ಮರಿ.
ಹೆಸರು ಗೊತ್ತಾದದ್ದು ಆಮೇಲೆ, ಕಾಫಿಗೆ.

ನನ್ನ ಹತ್ತಿರ ಇದೆ. ಅದೂ ಇಲ್ಲಿಯದೇ,
ಒಂಬತ್ತನೇ ಮೇಜು, ಚಕ್ರ ಕೀಚುಗುಟ್ಟುತ್ತದೆ.

ಹೊಲಿಗೆ ನಾನು ಹಾಕಿದೆ. ಕತ್ತರಿ ಅವನು.
ನೀಲಿ ಗೀಟಿನ ಹತ್ತಿರ ಬಂದಾಗ
ಕಿಟಕಿಯಾಚೆ ನೋಡಬೇಕೆಂದುಕೊಂಡಿದ್ದೆ,
ನೋಡಲಿಲ್ಲ; ಅಲಗು ಸೊಟ್ಟ ಹೋದೀತೆಂದು
ಅಲ್ಲೇ ಕಣ್ಣಿಟ್ಟಿದ್ದೆ. ಸೊಟ್ಟ ಹೋಗಲಿಲ್ಲ.

ಸೈಕಲ್ಲು ಕಲಿಯಲೇ ಇಲ್ಲ ಇಲ್ಪೊ, ಬಿದ್ದರೆ ಅಂತ.
ಈಗ ಎರಡೂ ಚಕ್ರದ ಪಕ್ಕಕ್ಕೆ ಜೋತು
ಆಲೂಗಡ್ಡೆ ಹೊತ್ತು, ಬಿಯರು ಹೊತ್ತು
ಸೇತುವೆಯ ಇಳಿಜಾರಲ್ಲಿ ಅದೆಂಥ ವೇಗ ಅಂತೀರಿ!

ಸಂಜೆ ಮಾರ್ಕೆತ್ತಾಗೆ ಫೋನು ಮಾಡಿದೆ.
ಅತ್ತ ಕಡೆ ಉಸಿರು ಬಿಗಿಹಿಡಿದದ್ದು ಕೇಳಿಸಿತು.
'ಆ ವಾಫಲ್ ಕಾವಲಿ,' ಅಂದೆ,
'ಎಂಟಕ್ಕೆ ಕೊಡ್ತೀಯೇನೇ?'