ಕಣ್ಣು ಬಿಟ್ಟ ಹಣ್ಣು

ಸೀತಾಫಲಕ್ಕೆ ಕಣ್ಣಿವೆಯೆಂದು
ದುರ್ಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ.
ಜೋಗಿಮಟ್ಟಿಯ ಕಡೆಯಿಂದ ಬುಟ್ಟಿ ಹೊತ್ತು ಬರುವ ಹೆಂಗಸರು
ಹೆಬ್ಬೆರಳಲ್ಲಿ ಒತ್ತಿ ಹೇಳುತ್ತಾರೆ:
ಇದು ಕಣ್ಣು ಬಿಟ್ಟೈತೆ, ಒಯ್ಯಿ. ಇದಿನ್ನೂ ಕುರುಡು.

ಚರ್ಚಿನ ಹಿಂದೆ, ಬಾವಿಗೂ ಬಂಡೆಗೂ ನಡುವೆ
ಒಂದೇ ಒಂದು ಗಿಡ.
ನಮ್ಮಪ್ಪ, ಉಪದೇಶಿ ಯೋಬಪ್ಪ,
ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದ:
ಸೀಬೆ ತಿನ್ನಿ, ಹುಣಸೆ ತಿನ್ನಿ, ಕಾರೆಹಣ್ಣು ಬೇಕಾದಷ್ಟು.
ಇದೊಂದು ಸುಗ್ಗಿ ಹಬ್ಬದ ಹರಾಜಿಗೆ.
ಅಪ್ಪ ಹೇಳುವವರೆಗೆ
ಅಲ್ಲೊಂದು ಗಿಡವಿದೆಯೆಂದೇ ನಾವು ನೋಡಿರಲಿಲ್ಲ.

ಹತ್ತಿದ್ದು ನಾನು. ಒಂಬತ್ತು ವರ್ಷ ನನಗೆ.
ಏಳು ವರ್ಷಕ್ಕೆ ದೊಡ್ಡವಳು ದೀನಕ್ಕ
ಕೆಳಗೆ ಸೆರಗೊಡ್ಡಿ ನಿಂತು
ಬೇಡ ಕಣೋ, ಬೇಡ ಕಣೋ ಅನ್ನುತ್ತಲೇ
ಬಿದ್ದದ್ದನ್ನೆಲ್ಲ ಹಿಡಿದಳು.
ಎಂಟು ಹಣ್ಣು. ಎಂಟೂ ಕುರುಡು.
ರಾಗಿಯ ವಾಡೆಯೊಳಗೆ ಹೂತಿಟ್ಟೆವು.

ಮೂರನೇ ಸಂಜೆ ವಾಡೆಯೇ ಬಾಯಿಬಿಟ್ಟಿತು.
ಎಷ್ಟು ರಾಗಿ ಮುಚ್ಚಿದರೂ ಆ ವಾಸನೆ
ಅಡಿಗೆಮನೆ ದಾಟಿ, ಪಡಸಾಲೆ ದಾಟಿ,
ಅಪ್ಪ ಕೂತಲ್ಲಿಗೇ ನಡೆದು ಹೋಯಿತು.
ಬಂಡೆಗಳು ಹಗಲ ಕಾವು ಇಳಿಸುವ ಹೊತ್ತು.
ತಂಗಾಳಿ. ಚಪ್ಪಲಿಯ ಸದ್ದು.
ಎಲ್ಲಿದ್ದೀರ್ರೋ ಇಬ್ಬರೂ?
ವಾಡೆಯ ಹಿಂದೆ, ಒಬ್ಬರ ಉಸಿರು ಒಬ್ಬರಿಗೆ ತಾಗಿ,
ಬಾಯ್ತುಂಬ ತಿರುಳು, ದವಡೆಯಲ್ಲಿ ಬೀಜ.

ತಿಂದದ್ದು ತಪ್ಪಲ್ಲವೆಂದು ನಾನು ವಾದಿಸುವುದಿಲ್ಲ.
ಆದರೆ ಇಷ್ಟು ವರ್ಷ ಗಂಟಲಲ್ಲಿ ನಿಂತದ್ದು
ಹಣ್ಣಲ್ಲ,
ಈ ಬಲಗೈಯ ತೋರುಬೆರಳು.
ಅಪ್ಪ ಕೇಳಿ ಮುಗಿಸುವ ಮೊದಲೇ ಎದ್ದು ನಿಂತಿತ್ತು:
ಅಕ್ಕ ಕೊಟ್ಟಿದ್ದು.

ಅವಳು ನನ್ನ ಕಡೆ ನೋಡಲಿಲ್ಲ.
ಬೀಜಗಳನ್ನು ಅಂಗೈಗೆ ಉಗಿದುಕೊಂಡು
ಒಂದೊಂದಾಗಿ ನೆಲಕ್ಕಿಟ್ಟಳು,
ಲೆಕ್ಕ ಒಪ್ಪಿಸುವವಳ ಹಾಗೆ.

ಆ ವರ್ಷ ನರ್ಸ್ ತರಬೇತಿಗೆ ಹೆಸರು ಬರೆಸಬೇಕಿತ್ತು.
ಅಪ್ಪ ಶಿಫಾರಸು ಪತ್ರ ಬರೆಯಲಿಲ್ಲ.
ದೇವರದ್ದು ಕದ್ದ ಕೈ
ರೋಗಿಯ ನಾಡಿ ಹಿಡಿಯಬಾರದು, ಅಂದ.
ಸುಗ್ಗಿ ಹಬ್ಬಕ್ಕೆ ಹಣ್ಣಿನ ಬದಲು
ಅಮ್ಮ ಸಾಕಿದ ಕೋಳಿ ಹರಾಜಾಯಿತು.

ಈಗ ಭಾನುವಾರದ ಮಕ್ಕಳಿಗೆ
ಆ ಅಧ್ಯಾಯ ಓದುವವನು ನಾನೇ.
ಈ ವಾರ, ಹಾಲುಹಲ್ಲು ಬಿದ್ದ ಹುಡುಗನೊಬ್ಬ ಕೇಳಿದ:
ಸಾರ್, ಹಾವು ಯಾರ ಮೇಲೆ ಹೇಳ್ತು?
ಪುಟ ತಿರುವಿದೆ. ಮತ್ತೆ ಹಿಂದಕ್ಕೆ ತಿರುವಿದೆ.
ಗಂಡಸು ಹೆಂಗಸನ್ನು ತೋರಿಸಿದ, ಹೆಂಗಸು ಹಾವನ್ನು.
ಹಾವು ಯಾರನ್ನೂ ತೋರಿಸಲಿಲ್ಲ.
ಅದನ್ನು ಯಾರೂ ಕೇಳಲೂ ಇಲ್ಲ.
ಅದಕ್ಕೆ ಬೆರಳೇ ಇಲ್ವಲ್ಲ ಸಾರ್, ಅಂದ ಅವನೇ.
ಮಕ್ಕಳೆಲ್ಲ ನಕ್ಕವು.
ಮುಂದಿನದು ಹೊಲಕ್ಕೆ ಹೋದ ಅಣ್ಣತಮ್ಮಂದಿರ ಪಾಠ.
ತೆರೆಯದೆ ಗಂಟೆ ಹೊಡೆಸಿದೆ.

ಸಂಜೆಯ ದಾವಣಗೆರೆ ಬಸ್ಸು. ತೊಡೆಯ ಮೇಲೊಂದು ಚೀಲ.
ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ
ಗೋಡೆಗೂ ಹೊಗೆಗೂ ಒಂದೇ ಬಣ್ಣ.
ಕಾದ ಮರಳಿನ ಮುಂದೆ ದೀನಕ್ಕ, ಅರವತ್ತೈದು,
ಜರಡಿ ಆಡಿಸುತ್ತಿದ್ದಳು.
ಬೆರಳ ತುದಿಗಳಲ್ಲಿ ಗೆರೆ ಉಳಿದಿಲ್ಲ;
ರೇಷನ್ ಅಂಗಡಿಯ ಯಂತ್ರ
ಅವಳನ್ನು ಅವಳೆಂದು ಒಪ್ಪುವುದಿಲ್ಲವಂತೆ.
ನನ್ನ ಬೆರಳನ್ನು ಅದು
ಒಂದೇ ಸಲಕ್ಕೆ ಗುರುತಿಸುತ್ತದೆ.

ಹೇಳಬೇಕೆಂದು ತಂದದ್ದು ಹೊಗೆಗೆ ಸಿಕ್ಕಿ ಕೆಮ್ಮಾಯಿತು.
ಅವಳು ಚೀಲಕ್ಕೆ ಕೈಹಾಕಿ
ಒಂದನ್ನು ತೆಗೆದು ಹೆಬ್ಬೆರಳಲ್ಲಿ ಒತ್ತಿದಳು.
“ಕುರುಡು ಕಾಯಿ ಕಿತ್ಕೊಂಡು ಬಂದೀಯಲ್ಲೋ.
ಆಗ್ಲೂ ಹಿಂಗೇ ಮಾಡಿದ್ದೆ.”

ಮಂಡಕ್ಕಿ ಮೂಟೆಯೊಳಗೆ ಮೊಣಕೈವರೆಗೂ ಕೈಯಿಳಿಸಿ
ಒಂದೊಂದನ್ನೇ ಹುಗಿದಳು.
“ಮೂರು ದಿನ ಬೇಕು. ಇರ್ತೀಯಾ?”

ಚಪ್ಪಲಿ ಬಿಚ್ಚಿ
ಗೋಡೆಗೆ ಒರಗಿಸಿಟ್ಟೆ.